ಹಾಸನದ ಆರ್‌ಟಿಆರ್ ಕ್ಲಾಸ್: ಇಲ್ಲಿ ಮೊದಲು ಕಿವಿ ತಿದ್ದುತ್ತಾರೆ

ಪೈಲಟ್ ಆಗಬೇಕು ಅಂತಿರುವ ಹಾಸನ, ಚಿಕ್ಕಮಗಳೂರು ಕಡೆಯ ಹುಡುಗ ಹುಡುಗಿಯರು ಕೇಳುವ ಪ್ರಶ್ನೆ ಒಂದೇ. ಆರ್‌ಟಿಆರ್ ಕೋಚಿಂಗ್‌ಗೆ ಬೆಂಗಳೂರಿಗೇ ಹೋಗಬೇಕಾ? ಬೇಡ. ಸಾಲಗಾಮೆ ರಸ್ತೆಯಲ್ಲಿ ಒಂದು ಜೆರಾಕ್ಸ್ ಅಂಗಡಿ ಮೇಲಿನ ಮಹಡಿಯಲ್ಲಿ ಶನಿವಾರ, ಭಾನುವಾರ ಒಂದು ಕ್ಲಾಸ್ ನಡೆಯುತ್ತದೆ. ಬೋರ್ಡ್ ಚಿಕ್ಕದು, ಕೆಳಗೆ ಅಂಗಡಿಯಲ್ಲಿ ಕೇಳಿದರೆ ತೋರಿಸುತ್ತಾರೆ. ನಾನು ಅಲ್ಲಿ ಪೂರ್ತಿ ಬ್ಯಾಚ್ ಮುಗಿಸಿದ್ದೇನೆ, ಅದಕ್ಕೇ ಸ್ವಲ್ಪ ಉದ್ದವಾಗಿಯೇ ಬರೆಯುತ್ತಿದ್ದೇನೆ.

ಗೊತ್ತಿಲ್ಲದವರಿಗೆ ಹೇಳುವುದಾದರೆ, ಆರ್‌ಟಿಆರ್ ಅಂದರೆ ವಿಮಾನದ ರೇಡಿಯೋದಲ್ಲಿ ಮಾತಾಡಲು ಬೇಕಾದ ಪರವಾನಗಿ. ಎಷ್ಟೇ ಚೆನ್ನಾಗಿ ಹಾರಿಸಿದರೂ ಇದಿಲ್ಲದೆ ಕಮರ್ಷಿಯಲ್ ಲೈಸೆನ್ಸ್ ಸಿಗುವುದಿಲ್ಲ. ತುಂಬಾ ಜನ ಇದನ್ನು ಬಾಯಿಪಾಠದ ಪರೀಕ್ಷೆ ಅಂದುಕೊಂಡು ಬರುತ್ತಾರೆ. ಈ ಕ್ಲಾಸ್‌ನಲ್ಲಿ ಅದು ನಡೆಯಲ್ಲ.

ಪಾಠ ಮಾಡುವ ಸರ್ ಚನ್ನರಾಯಪಟ್ಟಣದವರು, ಏರ್‌ಫೋರ್ಸ್‌ನಲ್ಲಿ ಕಂಟ್ರೋಲ್ ಟವರ್ ಕೆಲಸ ಮಾಡಿ ರಿಟೈರ್ ಆದವರು. ಅಕ್ಕಪಕ್ಕ ಎರಡು ರೂಮು, ನಡುವೆ ಮುಚ್ಚಿದ ಬಾಗಿಲು, ತಂತಿ ಎಳೆದ ಇಂಟರ್‌ಕಾಮ್, ಎರಡು ಹೆಡ್‌ಸೆಟ್, ಒತ್ತಿ ಹಿಡಿದು ಮಾತಾಡುವ ಬಟನ್. ಆಡುವ ಮಾತೆಲ್ಲ ರೆಕಾರ್ಡ್ ಆಗುತ್ತದೆ. ಸಾಮಾನು ಇಷ್ಟೇ, ಆದರೆ ಇಷ್ಟರಲ್ಲೇ ಅವರು ಕಲಿಸುವ ರೀತಿ ನೋಡಬೇಕು.

ಒಂದು ಭಾನುವಾರ ಅರಕಲಗೂಡಿನ ಹುಡುಗಿಯೊಬ್ಬಳನ್ನು ಟವರ್ ರೂಮಿನಲ್ಲಿ ಕೂರಿಸಿದರು. ಎಡಕ್ಕೆ ತಿರುಗಿ ಹೆಡಿಂಗ್ (ಅಂದರೆ ವಿಮಾನದ ಮೂತಿ ಇರಬೇಕಾದ ದಿಕ್ಕು, ಡಿಗ್ರಿಯಲ್ಲಿ) 230 ಹಿಡಿ ಅಂತ ಅವಳು ಪೈಲಟ್‌ಗೆ ಹೇಳಬೇಕು, ಪೈಲಟ್ ಅದನ್ನೇ ತಿರುಗಿ ಒಪ್ಪಿಸಬೇಕು, ಅವಳು ಸರಿಯಿದೆಯಾ ನೋಡಬೇಕು. ಈ ಕಡೆ ಪೈಲಟ್ ಆಗಿದ್ದ ಹುಡುಗನ ಕೈಗೆ ಸರ್ ಸದ್ದಿಲ್ಲದೆ ಒಂದು ಚೀಟಿ ಕೊಟ್ಟರು. ಅದರಲ್ಲಿ 320 ಅಂತ ಬರೆದಿತ್ತು. ಹುಡುಗ ಸ್ಪಷ್ಟವಾಗಿ ತ್ರೀ ಟೂ ಝೀರೋ ಅಂದ. ಅವಳು ಸರಿ ಅಂತ ಮುಂದಿನ ಸೂಚನೆಗೆ ಹೋದಳು. ಸರ್ ಬಾಗಿಲು ತೆಗೆದು, "ಏನಮ್ಮಾ, ಅವನು ಎಷ್ಟು ಅಂದ?" ಅಂದರು. "ಟೂ ತ್ರೀ ಝೀರೋ ಸರ್, ನಾನೇ ಕೇಳಿಸ್ಕೊಂಡೆನಲ್ಲ" ಅಂದಳು. ರೆಕಾರ್ಡಿಂಗ್ ಹಾಕಿದ ಮೇಲೂ ಅವಳಿಗೆ ನಂಬಿಕೆ ಬರಲಿಲ್ಲ, ಇನ್ನೊಂದು ಸಲ ಹಾಕಿಸಿದಳು. ಅವಳು ಸುಳ್ಳು ಹೇಳುತ್ತಿರಲಿಲ್ಲ, ಅವಳ ಕಿವಿಗೆ ನಿಜವಾಗಿಯೂ 230 ಅಂತಲೇ ಬಿದ್ದಿತ್ತು, ಯಾಕಂದರೆ ಅದೇ ಬರುತ್ತದೆ ಅಂತ ಮನಸ್ಸು ಕಾಯುತ್ತಿತ್ತು.

ಇದಾದ ತಕ್ಷಣ ಸರ್ 1989ರ ಕ್ವಾಲಾಲಂಪುರ ಅಪಘಾತ ಹೇಳಿದರು. ಅದು ಫ್ಲೈಯಿಂಗ್ ಟೈಗರ್ ಕಂಪನಿಯ ಸರಕು ವಿಮಾನ. 2400 ಅಡಿಗೆ ಇಳಿಯಿರಿ ಅಂತ ಕಂಟ್ರೋಲರ್ 'ಟೂ ಫೋರ್ ಝೀರೋ ಝೀರೋ' ಅಂದರು. ಕಾಕ್‌ಪಿಟ್‌ನಲ್ಲಿ ಆ ಮೊದಲ 'ಟೂ' ಅಂಕಿಯಾಗಿ ಕೇಳಿಸಲಿಲ್ಲ, ಇಂಗ್ಲಿಷಿನ 'to' (ಇಷ್ಟಕ್ಕೆ) ಅಂತ ಕೇಳಿಸಿತು, 400 ಅಡಿಗೆ ಇಳಿಯಲು ಹೇಳಿದ ಹಾಗಾಯಿತು. ಪೈಲಟ್ ಫೋರ್ ಝೀರೋ ಝೀರೋ ಅಂತ ತಿರುಗಿ ಒಪ್ಪಿಸಿದರು, ಕೆಳಗಿನಿಂದ ಯಾರೂ ತಿದ್ದಲಿಲ್ಲ. ವಿಮಾನ ಗುಡ್ಡಕ್ಕೆ ಬಡಿದು ಅದರಲ್ಲಿದ್ದ 4 ಜನವೂ ಸತ್ತರು. ಅದಕ್ಕೇ ಈ ಕ್ಲಾಸ್‌ನಲ್ಲಿ ಎತ್ತರ ಹೇಳುವಾಗ ಸಂಖ್ಯೆಗೆ ಮೊದಲು ಆಲ್ಟಿಟ್ಯೂಡ್ ಅಥವಾ ಫ್ಲೈಟ್ ಲೆವೆಲ್ ಅಂತ ಸೇರಿಸದಿದ್ದರೆ ಮೊದಲಿಂದ ಹೇಳಿಸುತ್ತಾರೆ. ಬೇಜಾರಾಗುತ್ತದೆ, ಆಗಲಿ.

ಸ್ಪೇನ್‌ನ ಟೆನೆರಿಫ್ ದ್ವೀಪದಲ್ಲಾದ ಡಿಕ್ಕಿಯ ಪಾಠ ಇನ್ನೂ ಚೆನ್ನಾಗಿತ್ತು. 1977ರ ಮಾರ್ಚ್ 27, ಮಂಜು ಮುಸುಕಿದ ರನ್‌ವೇ, ಎರಡು ಜಂಬೋ ಜೆಟ್, 583 ಸಾವು. ಕೆಎಲ್‌ಎಂ ವಿಮಾನದಿಂದ 'ನಾವೀಗ ಟೇಕಾಫ್‌ನಲ್ಲಿದ್ದೇವೆ' ಅನ್ನುವ ಅರ್ಥದ ಮಾತು ಬಂತು. ಟೇಕಾಫ್‌ಗೆ ಸಿದ್ಧವಾಗಿ ನಿಂತಿದ್ದಾರೆ ಅಂತ ಟವರ್ ತಿಳಿದುಕೊಂಡಿತು, ನಿಜಕ್ಕೂ ಅವರು ಓಡಲು ಶುರು ಮಾಡಿದ್ದರು. ಟವರ್ ಓಕೆ ಅಂದು, ಕಾಯಿರಿ, ನಾನು ಕರೆಯುತ್ತೇನೆ ಅಂತ ಸೇರಿಸಿತು. ಅದೇ ಗಳಿಗೆಯಲ್ಲಿ ಪ್ಯಾನ್ ಆಮ್ ವಿಮಾನ, ನಾವಿನ್ನೂ ರನ್‌ವೇ ಮೇಲೇ ಇದ್ದೇವೆ ಅಂತ ಕೂಗಿತು. ವಿಮಾನದ ರೇಡಿಯೋ ಕೆಲಸ ಮಾಡುವುದು ಎಎಂ ಅನ್ನುವ ಪ್ರಸಾರ ವಿಧಾನದಲ್ಲಿ. ಇಬ್ಬರು ಒಟ್ಟಿಗೆ ಬಟನ್ ಒತ್ತಿದರೆ ಎರಡು ಅಲೆ ಬೆರೆತು ಕೀ ಅಂತ ಶಿಳ್ಳೆ ಬರುತ್ತದೆ. ಕೆಎಲ್‌ಎಂ ಕಾಕ್‌ಪಿಟ್‌ಗೆ ಸರಿಯಾಗಿ ಕೇಳಿಸಿದ್ದು ಆ ಓಕೆ ಒಂದೇ. ಸರ್ ಇದನ್ನು ಬಾಯಲ್ಲಿ ಹೇಳಿ ಬಿಡಲಿಲ್ಲ, ನಮ್ಮ ಹೆಡ್‌ಸೆಟ್‌ಗೆ ಅಂಥದೇ ಶಿಳ್ಳೆ ಸದ್ದು ಹಾಕಿ ಅದರ ಮಧ್ಯೆ ಸೂಚನೆ ಕೊಟ್ಟರು. ಏನು ಕೇಳಿಸಿತೋ ಅಷ್ಟೇ ಬರೆಯಿರಿ, ಊಹೆ ಬೇಡ ಅಂದರು. ಅರ್ಧ ಕ್ಲಾಸ್ ಕೇಳಿಸದ್ದನ್ನೂ ಬರೆದಿತ್ತು.

ಆ ಅಪಘಾತ ಆದ ಮೇಲೆ ಟೇಕಾಫ್ ಅನ್ನುವುದನ್ನು ಅನುಮತಿ ಕೊಡುವಾಗ ಅಥವಾ ರದ್ದು ಮಾಡುವಾಗ ಮಾತ್ರ ಬಳಸಬೇಕು, ಉಳಿದ ಕಡೆ ಡಿಪಾರ್ಚರ್ ಅನ್ನಬೇಕು ಅಂತಾಯಿತು. ಬರೀ ರೂಲ್ ಆಗಿ ಓದಿದ್ದರೆ ಪರೀಕ್ಷೆ ಮುಗಿದ ಮಾರನೇ ದಿನ ಮರೆತುಹೋಗುತ್ತಿತ್ತು.

ನನಗೆ ತುಂಬಾ ಹಿಡಿಸಿದ್ದು ಇನ್ನೊಂದು ವಿಷಯ. ನಮ್ಮ ಕಡೆಯವರಿಗೆ ದೊಡ್ಡವರ ಎದುರು ಜೋರಾಗಿ ಹೇಳಿ ಅಭ್ಯಾಸ ಇಲ್ಲ. ಇಂಜಿನ್ ನಿಂತಿದೆ ಅಂತ ಚೀಟಿ ಕೊಟ್ಟರೂ, "ಸರ್, ಸ್ವಲ್ಪ ಪ್ರಾಬ್ಲಂ ಇದೆ" ಅಂತ ಶುರು ಮಾಡುತ್ತಾರೆ. 1990ರಲ್ಲಿ ಏವಿಯಾಂಕಾ 52 ವಿಮಾನ ನ್ಯೂಯಾರ್ಕ್ ಹತ್ತಿರ ಬಿದ್ದು 73 ಜನ ಸತ್ತಾಗ ಆಗಿದ್ದೂ ಇದೇ. ಇಂಧನ ಖಾಲಿಯಾಗುತ್ತಿದೆ, ಆದ್ಯತೆ ಕೊಡಿ ಅಂದರೇ ಹೊರತು ಎಮರ್ಜೆನ್ಸಿ ಅಂತ ಅವರು ಘೋಷಿಸಲೇ ಇಲ್ಲ. ಸಂಕೋಚ ಬಿಡಿಸಲು ಸರ್ ಒಬ್ಬೊಬ್ಬರನ್ನೇ ನಿಲ್ಲಿಸಿ ಅಪಾಯದಲ್ಲಿದ್ದೇವೆ ಅಂತ ಸಾರುವ ಮೇಡೇ ಕರೆಯನ್ನು ಮೂರು ಸಲ ಕೂಗಿಸುತ್ತಾರೆ. ಧ್ವನಿ ಸಣ್ಣಗಾದರೆ, "ಮಗಾ, ಹಿಂದೆ ಕೂತಿರೋ ಜನರ ಪರವಾಗಿ ಕೂಗ್ತಿದೀಯ" ಅನ್ನುತ್ತಾರೆ.

ಹರಿಯಾಣದ ಚರ್ಖಿ ದಾದ್ರಿ ಅಪಘಾತದ ಬಗ್ಗೆ ಇನ್ನಷ್ಟು ಹೊತ್ತು ಕೊಡಬೇಕಿತ್ತು ಅನ್ನಿಸಿತು. 1996ರ ನವೆಂಬರ್ 12ರಂದು ನಮ್ಮ ದೇಶದಲ್ಲೇ 349 ಜನ ಸತ್ತ ಡಿಕ್ಕಿ ಅದು. ಕಝಕ್ ವಿಮಾನಕ್ಕೆ 15,000 ಅಡಿವರೆಗೆ ಮಾತ್ರ ಇಳಿಯಲು ಅನುಮತಿ ಇತ್ತು, ಅದು ಇನ್ನೂ ಕೆಳಗಿಳಿದು 14,000ದಲ್ಲಿ ಎದುರಿಂದ ಬರುತ್ತಿದ್ದ ಸೌದಿ ವಿಮಾನಕ್ಕೆ ಬಡಿಯಿತು. ಕಝಕ್ ವಿಮಾನದಲ್ಲಿ ರೇಡಿಯೋದಲ್ಲಿ ಮಾತಾಡುವವರು ಒಬ್ಬರು, ವಿಮಾನ ಹಾರಿಸುವವರು ಇನ್ನೊಬ್ಬರು, ಮೇಲಿಂದ ಇಂಗ್ಲಿಷ್ ತೊಡಕು. ಇಷ್ಟು ದೊಡ್ಡ ವಿಷಯಕ್ಕೆ ಹತ್ತು ನಿಮಿಷ ಸಾಲದು.

ಇನ್ನು ಕೊರತೆಗಳು. ಥಿಯರಿ ನೋಟ್ಸ್ ಹಳೆಯದು. ಮೊದಲು ಈ ಪರೀಕ್ಷೆ ದೂರಸಂಪರ್ಕ ಇಲಾಖೆಯ ಡಬ್ಲ್ಯೂಪಿಸಿ ವಿಭಾಗದ ಕೈಯಲ್ಲಿತ್ತು, 2025ರ ಜನವರಿ 1ಕ್ಕೆ ಹೊಸ ವಿಮಾನಯಾನ ಕಾಯ್ದೆ ಜಾರಿಯಾಗಿ ಆ ಜವಾಬ್ದಾರಿ ವಿಮಾನಯಾನ ನಿಯಂತ್ರಿಸುವ ಸರ್ಕಾರಿ ಸಂಸ್ಥೆ ಡಿಜಿಸಿಎಗೆ ಬಂತು. ನೋಟ್ಸ್‌ನಲ್ಲಿ ಇನ್ನೂ ಹಳೆಯದೇ ಇದೆ, ಹಾಗಾಗಿ ಅರ್ಜಿ ಮತ್ತು ಸಿಲೆಬಸ್‌ಗೆ ಡಿಜಿಸಿಎ ವೆಬ್‌ಸೈಟನ್ನೇ ನೋಡಿ. ಕರೆಂಟ್ ಹೋದರೆ ಇಂಟರ್‌ಕಾಮ್ ಬಂದ್, ಯುಪಿಎಸ್ ಇಲ್ಲ. ಒಂದು ಹೆಡ್‌ಸೆಟ್‌ನ ಮೈಕ್ ಲೂಸ್. ಜನ ಜಾಸ್ತಿ ಇದ್ದ ದಿನ ಬಟನ್ ಹಿಡಿಯುವ ಸರದಿ ತಡವಾಗಿ ಬರುತ್ತದೆ, ಇದನ್ನು ಸರ್‌ಗೆ ನೇರವಾಗಿ ಹೇಳಿದ್ದೇವೆ, ಮುಂದಿನ ಬ್ಯಾಚ್ ಚಿಕ್ಕದು ಮಾಡುತ್ತೇನೆ ಅಂದಿದ್ದಾರೆ.

ಫೀಸ್ ಎರಡು ಕಂತಿನಲ್ಲಿ ಕಟ್ಟಬಹುದು, ಬೆಂಗಳೂರಿನ ಪಿಜಿ ಖರ್ಚು ಉಳಿಯುತ್ತದೆ. ಏರ್ ಡೆಕ್ಕನ್ ವಿಮಾನ ಕಂಪನಿ ಶುರು ಮಾಡಿದ ಗೊರೂರಿನ ಕ್ಯಾಪ್ಟನ್ ಗೋಪಿನಾಥ್ ಅವರ ಜಿಲ್ಲೆ ಇದು, ಬೂವನಹಳ್ಳಿ ಏರ್‌ಪೋರ್ಟ್‌ಗೆ ವರ್ಷಗಟ್ಟಲೆ ಕಾದಿದ್ದೇವೆ, ಇಂಥ ಪಾಠ ಇಲ್ಲೇ ಸಿಗುವುದು ನನಗೆ ನಿಜವಾಗಿಯೂ ಖುಷಿ. ಸುಮ್ನೆ ಪ್ರಶ್ನೋತ್ತರ ಉರು ಹೊಡೆದು ಪಾಸಾಗಬೇಕು ಅನ್ನುವವರಿಗೆ ಇದು ಸರಿಹೋಗಲ್ಲ. ಉಳಿದವರು ಸೇರುವ ಮೊದಲು ಒಂದು ದಿನ ಕೂತು ನೋಡಿ, ಅದಕ್ಕೆ ದುಡ್ಡು ಕೇಳುವುದಿಲ್ಲ. ಭಾನುವಾರ ಬೆಳಗ್ಗೆಯೇ ಹೋಗಿ, ಇಂಟರ್‌ಕಾಮ್ ಅಭ್ಯಾಸ ಆಗ ನಡೆಯುತ್ತದೆ, ಮಧ್ಯಾಹ್ನ ಹೋದರೆ ಬರೀ ಥಿಯರಿ.