ಡ್ಯಾಶ್‌ಬೋರ್ಡ್ ಲೈಟ್ ಮಿನುಗಿದರೆ: ಬ್ಯಾಟರಿಯೋ, ಆಲ್ಟರ್ನೇಟರೋ?
ಎಂಜಿನ್ ಓಡುವಾಗ ಕರೆಂಟ್ ಹುಟ್ಟಿಸಿ ಬ್ಯಾಟರಿ ಚಾರ್ಜ್ ಮಾಡುವ ಭಾಗವೇ ಆಲ್ಟರ್ನೇಟರ್. ದುಡ್ಡು ಬಿಚ್ಚುವ ಮುಂಚೆ ವೋಲ್ಟ್ ಅಳೆಯುವ ಮಲ್ಟಿಮೀಟರ್ ಹಿಡಿಯಿರಿ. ಸೆಲ್ಫ್ ಹೊಡೆಯುವಾಗ ಲೈಟ್ ತೀರಾ ಮಂಕಾಗಿ, ಗಾಡಿ ಸ್ಟಾರ್ಟ್ ಆದಮೇಲೆ ಸರಿಹೋದರೆ ಅನುಮಾನ ಬ್ಯಾಟರಿ ಮೇಲೆ. ರಾತ್ರಿಯಿಡೀ ನಿಂತ ಕಾರಿನ ಬ್ಯಾಟರಿಯಲ್ಲಿ ಸುಮಾರು 12.6 ವೋಲ್ಟ್ ಇರಬೇಕು.

ಓಡುವಾಗಲೇ ಮಿನುಗಿದರೆ ಕಥೆ ಬೇರೆ. ಎಂಜಿನ್ ಚಾಲೂ ಇಟ್ಟು, ಹೆಡ್‌ಲೈಟ್, ಎಸಿ ಹಾಕಿ ಬ್ಯಾಟರಿ ಮೇಲೇ ಅಳೆಯಿರಿ. ಸಾಮಾನ್ಯ ಕಾರುಗಳಲ್ಲಿ 13.5ರಿಂದ 14.5 ವೋಲ್ಟ್‌ನೊಳಗೆ ನಿಲ್ಲಬೇಕು. ಆಕ್ಸಿಲರೇಟರ್ ಒತ್ತಿದಂತೆಲ್ಲ ಹೊಯ್ದಾಡಿದರೆ ಆಲ್ಟರ್ನೇಟರಿನ ಬ್ರಷ್ಷೋ (ಒಳಗೆ ತಿರುಗುವ ಭಾಗಕ್ಕೆ ಕರೆಂಟ್ ದಾಟಿಸುವ ತುಂಡು) ರೆಗ್ಯುಲೇಟರೋ (ವೋಲ್ಟೇಜ್ ಹಿಡಿತದಲ್ಲಿಡುವ ಭಾಗ) ಹೋಗಿರಬಹುದು; ಹೊಸ ಬ್ಯಾಟರಿ ಹಾಕಿದರೂ ಉಪಯೋಗವಿಲ್ಲ. ಇಡೀ ಆಲ್ಟರ್ನೇಟರ್ ಬದಲಿಸುವ ಬದಲು ಒಳ್ಳೆಯ ಆಟೋ ಎಲೆಕ್ಟ್ರಿಷಿಯನ್ ಹತ್ತಿರ ಆ ಭಾಗವಷ್ಟೇ ಹಾಕಿಸಿ.

ನನ್ನ ಆಯ್ಕೆ ಕೇಳಿದರೆ, ಎರಡಕ್ಕೂ ಮೊದಲು ನೋಡಬೇಕಾದ್ದು ಟರ್ಮಿನಲ್, ಅಂದರೆ ಬ್ಯಾಟರಿಗೆ ವೈರ್ ಕೂರುವ ಜಾಗ. ಬಿಳಿ-ಹಸಿರು ಪುಡಿ ಕಟ್ಟಿದ್ದರೆ ಮೊದಲು ನೆಗೆಟಿವ್ ಬಿಚ್ಚಿ, ಅಡುಗೆ ಸೋಡಾ ನೀರಲ್ಲಿ ಉಜ್ಜಿ, ಒಣಗಿಸಿ ಬಿಗಿ ಮಾಡಿ.