ಉಳ್ಳಾಲದ ಉಪ್ಪುಗಾಳಿಯಲ್ಲಿ ಅಲ್ನಿಕೊ ಪಿಕಪ್ ಸೆಟ್

ನನ್ನ ಎಲೆಕ್ಟ್ರಿಕ್ ಗಿಟಾರ್‌ನ ಈ ಮೂರು ಪಿಕಪ್‌ಗಳ (ತಂತಿಯ ಕಂಪನವನ್ನು ವಿದ್ಯುತ್ ಸಂಕೇತವಾಗಿಸುವ, ಮ್ಯಾಗ್ನೆಟ್ ಮತ್ತು ತಾಮ್ರದ ಸುರುಳಿಯ ಸಾಧನಗಳ) ಸೆಟ್‌ನ ನಾದದ ಬಗ್ಗೆ ನನಗೆ ದೂರಿಲ್ಲ. ದೂರಿರುವುದು ಬ್ರಿಜ್ (ತಂತಿಗಳನ್ನು ಗಿಟಾರ್‌ನ ಒಡಲ ಮೇಲೆ ಹೊರುವ ಭಾಗ) ಬಳಿಯ ಹಂಬಕರ್‌ನ, ಅಂದರೆ ಜೋಡಿ ಸುರುಳಿಯ ಪಿಕಪ್‌ನ, ಆರು ಸ್ಕ್ರೂಗಳ ಬಗ್ಗೆ. ನಮ್ಮ ಮನೆ ಉಳ್ಳಾಲದಲ್ಲಿ, ಸಮುದ್ರಕ್ಕೆ ಹತ್ತಿರ. ಜೂನ್ ಬಂತೆಂದರೆ ಬಾಗಿಲ ಚಿಲಕಕ್ಕೂ ತುಕ್ಕು ಹಿಡಿಯುವ ಕಡೆ ಗಿಟಾರ್‌ಗೆ ವಿನಾಯಿತಿ ಸಿಗದು, ನಿಜ. ಆದರೂ ಮೊದಲ ಮಳೆಗಾಲ ಮುಗಿಯುವ ಮುನ್ನವೇ ಸ್ಕ್ರೂಗಳ ತಲೆಯ ಸೀಳಿನಲ್ಲಿ ಕೆಂಪು ಪುಡಿ ಕಂಡಾಗ ಸಿಟ್ಟು ಬಂತು. ತಂತಿಗೆ ತಕ್ಕಂತೆ ಎತ್ತರ ಹೊಂದಿಸಲು ಸ್ಕ್ರೂಡ್ರೈವರ್ ಹಾಕಿದಾಗಲೆಲ್ಲ ಸೀಳಿನ ಅಂಚಿನ ನಿಕ್ಕಲ್ ಲೇಪ ಸವೆದು ಒಳಗಿನ ಉಕ್ಕು ಹೊರಬೀಳುತ್ತದೆ. ಈ ತಯಾರಕರು ಉಳಿತಾಯ ಮಾಡಿರುವುದು ಈ ಲೇಪದಲ್ಲಿಯೇ.

ಸ್ಟೇನ್‌ಲೆಸ್ ಸ್ಟೀಲ್ ಸ್ಕ್ರೂ ಹಾಕಿಬಿಡಿ ಎಂದು ಬಂದರಿನ ಹಾರ್ಡ್‌ವೇರ್ ಅಂಗಡಿಯವರು ಒಂದು ಹಿಡಿ ಸ್ಕ್ರೂಗಳನ್ನು ಮುಂದಿಟ್ಟರು. ಕಿಸೆಯಲ್ಲಿದ್ದ ಮ್ಯಾಗ್ನೆಟ್ ಹಿಡಿದು ನೋಡಿದರೆ ಒಂದೂ ಅಂಟಲಿಲ್ಲ. ಅವು ಅಡುಗೆ ಪಾತ್ರೆಗಳಿಗೆ ಬಳಸುವ 304 ದರ್ಜೆಯವು. ಹಂಬಕರ್‌ನಲ್ಲಿ ಮ್ಯಾಗ್ನೆಟ್ ಅಡಿಯಲ್ಲಿ ಮಲಗಿರುತ್ತದೆ, ಅದರ ಕಾಂತಕ್ಷೇತ್ರವನ್ನು ತಂತಿಯವರೆಗೆ ಒಯ್ಯುವುದು ಸ್ಕ್ರೂಗಳ ಕೆಲಸ. ಹಿತ್ತಾಳೆಯಿಂದಲೂ 304ರಿಂದಲೂ ಅದು ಆಗದು. 430 ದರ್ಜೆಯ ಸ್ಟೇನ್‌ಲೆಸ್‌ಗೆ ಮ್ಯಾಗ್ನೆಟ್ ಅಂಟುತ್ತದೆ, ಆದರೆ ನನಗೆ ಬೇಕಾದ ಅಳತೆಯಲ್ಲಿ ಸಿಗಲಿಲ್ಲ. ಕಡೆಗೆ ಕಡಿಮೆ ಇಂಗಾಲದ ಉಕ್ಕಿನ, ದಪ್ಪ ನಿಕ್ಕಲ್ ಲೇಪದ ಸ್ಕ್ರೂಗಳನ್ನು ಆನ್‌ಲೈನ್‌ನಲ್ಲಿ ತರಿಸಿದೆ. ಅವು ಇಂದಿಗೂ ಹೊಳೆಯುತ್ತಿವೆ.

ಉಳಿದೆರಡು ಸಿಂಗಲ್ ಕಾಯಿಲ್‌ಗಳ (ಒಂಟಿ ಸುರುಳಿಯ ಪಿಕಪ್‌ಗಳ) ವಿಷಯಕ್ಕೆ ಬಂದರೆ ನನ್ನ ಮುನಿಸು ಉಳಿಯುವುದಿಲ್ಲ. ಗಿಟಾರ್‌ನೊಂದಿಗೆ ಬಂದಿದ್ದ ಪಿಕಪ್‌ಗಳಲ್ಲಿ ಉಕ್ಕಿನ ಪೋಲ್‌ಗಳೂ (ಪ್ರತಿ ತಂತಿಯ ಕೆಳಗೆ ನಿಲ್ಲುವ ಸರಳುಗಳು) ಅಡಿಯಲ್ಲಿ ಸಿರಾಮಿಕ್ ಮ್ಯಾಗ್ನೆಟ್ ಪಟ್ಟಿಯೂ ಇದ್ದವು. ಸುರುಳಿಯ ನಡುವೆ ಉಕ್ಕಿದ್ದರೆ ಇಂಡಕ್ಟನ್ಸ್ (ವಿದ್ಯುತ್ತಿನ ವೇಗದ ಏರಿಳಿತವನ್ನು ಸುರುಳಿ ತಡೆಯುವ ಗುಣ) ಹೆಚ್ಚಿ, ಮೇಲಿನ ಸ್ವರಗಳ ಹೊಳಪು ಬೇಗನೆ ಇಳಿಯುತ್ತದೆ. ಈ ಸೆಟ್‌ನಲ್ಲಿ ಅಲ್ನಿಕೊ 5ರ (ಅಲ್ಯೂಮಿನಿಯಂ, ನಿಕ್ಕಲ್, ಕೋಬಾಲ್ಟ್ ಬೆರೆತ ಮ್ಯಾಗ್ನೆಟ್ ಮಿಶ್ರಲೋಹದ ಒಂದು ಬಗೆ) ಸರಳುಗಳೇ ಪೋಲ್, ಅವೇ ಮ್ಯಾಗ್ನೆಟ್. ಭಾನುವಾರ ಇಗರ್ಜಿಯಲ್ಲಿ ಗಾಯನವೃಂದದ ಹಿಂದೆ ಮೆಲ್ಲಗೆ ಆರ್ಪೆಜಿಯೊ (ಸ್ವರಗಳನ್ನು ಒಂದೊಂದಾಗಿ ಬಿಡಿಸಿ) ನುಡಿಸುವಾಗ, ಆಂಪ್‌ನ ಟ್ರೆಬಲ್ ಮುಟ್ಟದೆಯೇ ಒಂದೊಂದು ತಂತಿಯೂ ಬೇರೆಬೇರೆಯಾಗಿ ಕೇಳಿಸುವ ಸುಖವನ್ನು ನಾನು ನಿರೀಕ್ಷಿಸಿರಲಿಲ್ಲ. ಮೂರನೆಯ ತಂತಿ ಮಾತ್ರ ತುಸು ಜೋರು: ಸರಳುಗಳ ಎತ್ತರದ ಏರಿಳಿತವು 1954ರ ಸ್ಟ್ರಾಟೊಕಾಸ್ಟರ್ ಗಿಟಾರ್ ಕಾಲದ, ಮೇಲೆ ಲೋಹದ ಎಳೆ ಸುತ್ತಿದ ಮೂರನೆಯ ತಂತಿಗೆ ಹೊಂದಿಸಿದ್ದು, ನನ್ನದು ಎಳೆ ಸುತ್ತದ ತಂತಿ, ಮತ್ತು ಇವು ಸ್ಕ್ರೂಗಳಂತೆ ತಿರುಗುವುದಿಲ್ಲ.

ಅಲ್ನಿಕೊದಲ್ಲಿಯೂ ಕಬ್ಬಿಣವಿದೆ, ಆದ್ದರಿಂದ ತುಕ್ಕಿನ ಭಯ ಇಲ್ಲವೆಂದಲ್ಲ. ಹಳೆಯ ರೀತಿಯಲ್ಲಿ ತಾಮ್ರದ ತಂತಿಯನ್ನು ನೇರವಾಗಿ ಸರಳುಗಳ ಮೇಲೆಯೇ ಸುತ್ತಿದ್ದರೆ, ಸರಳಿನ ತುಕ್ಕು ತಲೆಗೂದಲಿನಷ್ಟು ತೆಳುವಾದ ಆ ತಂತಿಯನ್ನು ತಿಂದು ಪಿಕಪ್ ಸತ್ತೇಹೋಗಬಹುದು. ಈ ಸೆಟ್‌ನಲ್ಲಿ ಸುತ್ತುವ ಮೊದಲು ಲ್ಯಾಕರ್ ಬಳಿದಿದ್ದಾರೆ. ಮೇಲ್ಭಾಗವನ್ನು ನಾನೇ ನೋಡಿಕೊಳ್ಳುತ್ತೇನೆ: ನುಡಿಸಿದ ಮೇಲೆ ಹಳೆಯ ಬನಿಯನ್ ಬಟ್ಟೆಯಿಂದ ಬೆವರು ಒರೆಸಿ, ಪೋಲ್‌ಗಳಿಗೆ ಅಂಟಿಕೊಂಡ ಉಕ್ಕಿನ ಪುಡಿಯನ್ನು ಮಾಸ್ಕಿಂಗ್ ಟೇಪ್ ಒತ್ತಿ ಎಬ್ಬಿಸುತ್ತೇನೆ. ಮೊದಲು ತುಕ್ಕು ಹಿಡಿಯುವುದು ಆ ಪುಡಿಗೇ. ಫ್ರೆಟ್ (ಗಿಟಾರ್‌ನ ಕತ್ತಿನ ಮೇಲಿನ ಲೋಹದ ಅಡ್ಡಪಟ್ಟಿ) ಉಜ್ಜಲು ಸ್ಟೀಲ್ ವೂಲ್ (ಉಕ್ಕಿನ ಸಣ್ಣ ಎಳೆಗಳ ಉಂಡೆ) ಬಳಸುವವರು ಪಿಕಪ್‌ಗಳನ್ನು ಟೇಪ್‌ನಿಂದ ಮುಚ್ಚಿಕೊಳ್ಳಲೇಬೇಕು.

ಹತ್ತು ಸಾವಿರ ರೂಪಾಯಿಯೊಳಗೆ ಮುಗಿಸಬೇಕಿದ್ದ ನನಗೆ ಇದಕ್ಕಿಂತ ಒಳ್ಳೆಯ ಸಿಂಗಲ್ ಕಾಯಿಲ್‌ಗಳು ಸಿಗುತ್ತಿರಲಿಲ್ಲ. ಕರಾವಳಿಯಲ್ಲಿ ಇರುವವರು ಕೊಳ್ಳುವಾಗಲೇ ಹಂಬಕರ್‌ಗೆ ಬೇರೆ ಸ್ಕ್ರೂಗಳ ಖರ್ಚನ್ನೂ ಲೆಕ್ಕಕ್ಕೆ ಸೇರಿಸಿಕೊಳ್ಳುವುದು ಒಳ್ಳೆಯದು.