ಬೆಂಗೇರಿಯ ಖಾದಿ ಬಾವುಟ: ಮೂರು ವರ್ಷ ಹಾರಿಸಿ ನೋಡಿದ ಮೇಲೆ

ಮೂರು ಅಡಿ ಉದ್ದ, ಎರಡು ಅಡಿ ಅಗಲದ ರಾಷ್ಟ್ರಧ್ವಜ. ಹುಬ್ಬಳ್ಳಿ ಬೆಂಗೇರಿಯ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘದಲ್ಲಿ ತಗೊಂಡಿದ್ದು. 2022ರ ಆಗಸ್ಟ್ ಕೊನೆಯ ವಾರ, ಅಂದರೆ ಮೆರವಣಿಗೆ, ಸೆಲ್ಫಿ ಎಲ್ಲ ಮುಗಿದ ಮೇಲೆ. ದುಡ್ಡು ನನ್ನದು. ತಗೋ ಅಂತ ಯಾವ ಸುತ್ತೋಲೆಯೂ ಹೇಳಿರಲಿಲ್ಲ, ಯಾವ ಸಾಹೇಬರೂ ಹೇಳಿರಲಿಲ್ಲ.

ಐದಕ್ಕೆ ಐದು ಕೊಡುತ್ತೇನೆ. ಆದರೆ ಯಾಕೆ ಅಂತ ಹೇಳಬೇಕಾದರೆ ಅದಕ್ಕೂ ಎರಡು ವಾರ ಮುಂಚೆ ನನ್ನ ಕೈಗೆ ಬಂದ ಇನ್ನೊಂದು ಬಾವುಟದ ಕಥೆಯನ್ನು ಮೊದಲು ಹೇಳಬೇಕು.

ಆ ವರ್ಷ ಸ್ವಾತಂತ್ರ್ಯಕ್ಕೆ 75 ತುಂಬಿತ್ತು. ಆಗಸ್ಟ್ 13ರಿಂದ 15ರವರೆಗೆ ಮನೆ ಮನೆಯಲ್ಲೂ ಬಾವುಟ, 20 ಕೋಟಿ ಮನೆಗಳ ಗುರಿ ಅಂತ ದೆಹಲಿಯಿಂದ ಘೋಷಣೆ ಆಯಿತು. ಅಂಚೆ ಕಚೇರಿಯಲ್ಲಿ 25 ರೂಪಾಯಿಗೆ ಒಂದು. ಅದು ಬೇಕಾದವರು ಹೋಗಿ ತಗೊಳ್ಳುವಂಥದ್ದು, ಅದರ ಬಗ್ಗೆ ನನ್ನ ತಕರಾರಿಲ್ಲ. ನಾನು ಬೇರೊಂದು ಸ್ಥಳೀಯ ಕಚೇರಿಗೆ ತೆರಿಗೆ ಕಟ್ಟಲು ಹೋಗಿದ್ದೆ. ರಸೀದಿಯ ಜೊತೆಗೆ ಕೈಗೊಂದು ಬಾವುಟ ಇಟ್ಟು ದುಡ್ಡು ಕೇಳಿದರು. ಬೇಡ ಅಂದೆ. ಕೌಂಟರಿನ ಹುಡುಗ ತಲೆ ಎತ್ತದೆ, ‘ತಗೋಬೇಕ್ರೀ, ಟಾರ್ಗೆಟ್ ಐತಿ’ ಅಂದ. ಪಾಪ, ಅವನ ತಪ್ಪಲ್ಲ. ಮೇಲಿನವರು ಅವನಿಗೆ ಲೆಕ್ಕ ಕೊಟ್ಟಿದ್ದರು, ಅವನು ನನ್ನ ತಲೆ ಮೇಲೆ ಹಾಕಿದ. ನನ್ನ ಹಿಂದೆ ಸಾಲಿನಲ್ಲಿ ಒಬ್ಬ ಮುದುಕಿ ನಿಂತಿದ್ದಳು. ಅವಳೂ ಸೆರಗಿನ ಗಂಟು ಬಿಚ್ಚಿ ಕೊಟ್ಟಳು.

ಮನೆಗೆ ಬಂದು ಬಿಡಿಸಿ ನೋಡಿದೆ. ಪಾಲಿಸ್ಟರ್ ಬಟ್ಟೆ. ಬಿಳಿ ಪಟ್ಟಿ ಉಳಿದ ಎರಡಕ್ಕಿಂತ ಸಣ್ಣದು. ಚಕ್ರ ಮೊಟ್ಟೆಯಂತೆ ಉದ್ದವಾಗಿತ್ತು, ಅದೂ ನಡುವೆ ಇರಲಿಲ್ಲ, ಒಂದು ಕಡೆಗೆ ಜರುಗಿತ್ತು. 24 ಗೆರೆ ಎಣಿಸಲು ಹೋದೆ, ನೀಲಿ ಬಣ್ಣ ಹರಡಿ ಎಲ್ಲ ಒಂದಕ್ಕೊಂದು ಅಂಟಿಕೊಂಡಿತ್ತು. ಹೊಲಿಗೆ ಇಲ್ಲದ ಅಂಚು ಆಗಲೇ ದಾರ ಬಿಡುತ್ತಿತ್ತು. ನನಗೆ ಸಿಟ್ಟಿಗಿಂತ ಜಾಸ್ತಿ ಬೇಜಾರಾಯಿತು. ನಮ್ಮೂರು ಹಾವೇರಿ ಕಡೆ. ಗಾಂಧೀಜಿ ಜೊತೆ ದಂಡಿಗೆ ನಡೆದು ಹೋದ ಮೈಲಾರ ಮಹಾದೇವ ನಮ್ಮ ಜಿಲ್ಲೆಯ ಮೋಟೆಬೆನ್ನೂರಿನವರು, 1943ರಲ್ಲಿ ಹೊಸರಿತ್ತಿಯಲ್ಲಿ ಪೊಲೀಸರ ಗುಂಡಿಗೆ ಸತ್ತರು. ಚಿಕ್ಕಂದಿನಿಂದ ಆ ಹೆಸರು ಕೇಳಿಕೊಂಡು ಬೆಳೆದವರ ಕೈಗೆ ಇಂಥ ಬಾವುಟ ಕೊಟ್ಟರೆ ಹೇಗೆ ಅನಿಸಬೇಕು ಹೇಳಿ.

ಅದಕ್ಕೇ ಬೆಂಗೇರಿಗೆ ಹೋಗಿದ್ದು. ಇಷ್ಟು ವರ್ಷ ಹುಬ್ಬಳ್ಳಿಯಲ್ಲಿದ್ದೂ ಒಳಗೆ ಕಾಲಿಟ್ಟಿರಲಿಲ್ಲ. ಕೇಶ್ವಾಪುರ ದಾಟಿ ಸ್ವಲ್ಪ ದೂರ, 17 ಎಕರೆ ಜಾಗ, ಗಿಡಮರ, ಹಳೆ ಕಟ್ಟಡಗಳು. ಸಂಘ ಶುರುವಾಗಿದ್ದು 1957ರ ನವೆಂಬರ್ 1ರಂದು. ಧ್ವಜದ ಘಟಕ ಬಂದಿದ್ದು 2004ರಲ್ಲಿ. ಬಿಐಎಸ್, ಅಂದರೆ ಭಾರತೀಯ ಮಾನಕ ಬ್ಯೂರೊದ ಮಾನ್ಯತೆ ಇರುವ ಧ್ವಜ ತಯಾರಿಸುವ ಜಾಗ ಬಹಳ ವರ್ಷ ಇಡೀ ದೇಶದಲ್ಲಿ ಇದೊಂದೇ ಆಗಿತ್ತು. ಕೆಂಪುಕೋಟೆ ಇರಲಿ, ವಿಧಾನಸೌಧ ಇರಲಿ, ನಿಯಮದ ಪ್ರಕಾರದ ಬಾವುಟ ಬೇಕೆಂದರೆ ಹುಬ್ಬಳ್ಳಿ ಕಡೆ ನೋಡಬೇಕಿತ್ತು.

ಬಾವುಟ ಕೈಗೆ ಬಂದಾಗ ಮೊದಲು ಗೊತ್ತಾಗುವುದು ತೂಕ. ಬಟ್ಟೆಗೆ ಒಂದು ಒರಟುತನ ಇದೆ, ಕೈಯಲ್ಲಿ ನೂತ ನೂಲು ಅಂತ ಬೆರಳಿಗೇ ತಿಳಿಯುತ್ತದೆ. ಮೂರೂ ಪಟ್ಟಿ ಸರಿಸಮ. ನಾನು ಟೇಪ್ ಹಿಡಿದು ಅಳೆದೆ, ನಿಜ ಹೇಳುತ್ತಿದ್ದೇನೆ. ಚಕ್ರ ಎರಡೂ ಮಗ್ಗುಲಲ್ಲಿ ಅಚ್ಚಾಗಿದೆ, ಬೆಳಕಿಗೆ ಹಿಡಿದರೆ ಒಂದರ ಮೇಲೊಂದು ಸರಿಯಾಗಿ ಕೂರುತ್ತದೆ. ಕಂಬದ ಕಡೆಯ ಅಂಚಿಗೆ ಬೇರೆಯದೇ ದಪ್ಪ ಬಟ್ಟೆ, ಅದಕ್ಕೆ ಖಾದಿ ಡಕ್ ಅನ್ನುತ್ತಾರೆ. ಅದರೊಳಗೆ ಹಗ್ಗ, ತುದಿಗೆ ಮರದ ಸಣ್ಣ ಗೂಟ. ಬಟ್ಟೆ ನೇಯುವುದು ಬಾಗಲಕೋಟೆ ಕಡೆಯ ತುಳಸಿಗೇರಿಯಲ್ಲಿ. ಬಣ್ಣ, ಅಚ್ಚು, ಹೊಲಿಗೆ, ಇಸ್ತ್ರಿ ಎಲ್ಲ ಬೆಂಗೇರಿಯಲ್ಲಿ. ಕೆಲಸ ಮಾಡುವವರಲ್ಲಿ ಹೆಚ್ಚಿನವರು ಹೆಣ್ಣುಮಕ್ಕಳು. ಅಳತೆ ಒಂಬತ್ತು ಥರ ಇದೆ. ಮೇಜಿನ ಮೇಲಿಡುವ ಆರು ಇಂಚಿನದ್ದರಿಂದ ಹಿಡಿದು 21 ಅಡಿ ಉದ್ದ, 14 ಅಡಿ ಅಗಲದ್ದರವರೆಗೆ.

ಇಷ್ಟೊಂದು ಕಟ್ಟುನಿಟ್ಟು ಯಾಕೆ ಅಂದರೆ ಅದು ಸರ್ಕಾರವೇ ಹಾಕಿದ ನಿಯಮ. ಭಾರತೀಯ ಮಾನಕಗಳ ಪಟ್ಟಿಯಲ್ಲಿ ಒಂದನೇ ನಂಬರು ಯಾವುದಕ್ಕೆ ಗೊತ್ತೇ? ರಾಷ್ಟ್ರಧ್ವಜಕ್ಕೆ. ಐಎಸ್ 1. ಬಣ್ಣದ ಛಾಯೆ, ನೂಲಿನ ಎಣಿಕೆ, ಹೊಲಿಗೆ, ಚಕ್ರದ ಅಳತೆ ಎಲ್ಲದಕ್ಕೂ ಪರೀಕ್ಷೆ. ಒಂದು ಕಡೆ ತಪ್ಪಿದರೆ ಮಾಲು ತಿರಸ್ಕಾರ. ಜೊತೆಗೆ 1971ರ ಕಾನೂನು ಬೇರೆ, ಬಾವುಟಕ್ಕೆ ಅವಮಾನ ಮಾಡಿದರೆ ಮೂರು ವರ್ಷದವರೆಗೆ ಜೈಲು. ಆ ಹೆಣ್ಣುಮಕ್ಕಳು ಇದನ್ನೆಲ್ಲ ಪಾಲಿಸಿಕೊಂಡೇ ಬಂದರು.

ಆಮೇಲೆ 2021ರ ಡಿಸೆಂಬರ್ 30ರಂದು ಒಂದು ಆದೇಶ. ಬಾವುಟ ಹೇಗಿರಬೇಕು, ಹೇಗೆ ಹಾರಿಸಬೇಕು ಅಂತ ಹೇಳುವ ಧ್ವಜ ಸಂಹಿತೆಗೆ ತಿದ್ದುಪಡಿ. ಇನ್ನು ಮೇಲೆ ಮಷೀನಿನಲ್ಲಿ ಮಾಡಿದ್ದೂ ನಡೆಯುತ್ತದೆ, ಪಾಲಿಸ್ಟರೂ ನಡೆಯುತ್ತದೆ. ಮುಂದಿನ ಜುಲೈನಲ್ಲಿ ಪಾಲಿಸ್ಟರ್ ಬಾವುಟಕ್ಕೂ ಜಿಎಸ್‌ಟಿ ಇಲ್ಲ ಅಂದರು. ಅಲ್ಲಿಯವರೆಗೆ ಆ ವಿನಾಯಿತಿ ಖಾದಿ ಬಾವುಟಕ್ಕೆ ಮಾತ್ರ ಇತ್ತು. 75ನೇ ವರ್ಷ ಅಂತ ಜಾಸ್ತಿ ಆರ್ಡರ್ ಬರುತ್ತದೆ ಅಂತ ಕಾದಿದ್ದ ಸಂಘದವರು, ದಯವಿಟ್ಟು ಇದನ್ನು ವಾಪಸ್ ತಗೊಳ್ಳಿ ಅಂತ ಕೇಳಿಕೊಂಡರು. ತಿದ್ದುಪಡಿ ಇವತ್ತಿಗೂ ಹಾಗೇ ಇದೆ.

ಕಡಿಮೆ ಬೆಲೆಗೆ ಬಾವುಟ ಸಿಗಲಿ ಅನ್ನುವುದು ಒಳ್ಳೆಯ ವಿಚಾರವೇ. ಬಡವರ ಮನೆಯ ಮೇಲೂ ಹಾರಲಿ. ನನ್ನ ಪ್ರಶ್ನೆ ಬೇರೆ. ವರ್ಷಗಟ್ಟಲೆ ಒಬ್ಬರ ಕುತ್ತಿಗೆ ಮೇಲೆ ನಿಯಮ ಇಟ್ಟು ಕೆಲಸ ಮಾಡಿಸಿ, ವ್ಯಾಪಾರ ಬರುವ ಹೊತ್ತಿಗೆ ಸರಿಯಾಗಿ ಆ ನಿಯಮವನ್ನೇ ತೆಗೆದು ಹಾಕುವುದು ಯಾವ ನ್ಯಾಯ? ಅವರ ಜೊತೆ ಒಂದು ಮಾತಾದರೂ ಆಡಬೇಕಿತ್ತಲ್ವಾ? ಇಂಥ ನಿರ್ಧಾರ ಮಾಡುವವರು ಯಾರೂ ಚರಕದ ಮುಂದೆ ಎಂಟು ಗಂಟೆ ಕೂತವರಲ್ಲ.

ಇನ್ನೊಂದು ಕಡೆಯವರೂ ಬಂದರು. ಆಗ ದೆಹಲಿಯಲ್ಲಿ, ಬೆಂಗಳೂರಿನಲ್ಲಿ ಎರಡೂ ಕಡೆ ವಿರೋಧ ಪಕ್ಷದಲ್ಲಿದ್ದವರು ಬೆಂಗೇರಿಗೆ ಬಂದು ಕೆಲಸಗಾರರ ಜೊತೆ ಫೋಟೊ ತೆಗೆಸಿಕೊಂಡರು, ಖಾದಿ ಪರವಾಗಿ ಮಾತಾಡಿದರು. 2023ರಲ್ಲಿ ರಾಜ್ಯದಲ್ಲಿ ಅವರದೇ ಸರ್ಕಾರ ಬಂತು. ಕೇಂದ್ರದ ತಿದ್ದುಪಡಿ ಅವರ ಕೈಯಲ್ಲಿಲ್ಲ, ಒಪ್ಪಿಕೊಳ್ಳುತ್ತೇನೆ. ಆದರೆ ರಾಜ್ಯದ ಕಚೇರಿಗಳು ಅವರ ಕೈಯಲ್ಲಿವೆ. ಸುಮಾರು 6 ಸಾವಿರ ಗ್ರಾಮ ಪಂಚಾಯಿತಿಗಳಿವೆ, ಸರ್ಕಾರಿ ಶಾಲೆಗಳಿವೆ, ತಾಲೂಕು ಕಚೇರಿಗಳಿವೆ, ಪೊಲೀಸ್ ಠಾಣೆಗಳಿವೆ. ಪ್ರತಿ ಕಂಬಕ್ಕೂ ಒಂದು ಬಾವುಟ ಹೇಗೂ ಬೇಕೇ ಬೇಕು. ಅನುದಾನ ಕೊಡಿ, ಪ್ಯಾಕೇಜ್ ಕೊಡಿ, ಮತ್ತೊಂದು ನಿಗಮ ಮಾಡಿ ಅದಕ್ಕೊಬ್ಬ ಅಧ್ಯಕ್ಷರನ್ನು, ಅವರಿಗೊಂದು ಕಾರನ್ನು ಕೊಡಿ ಅಂತ ನಾನು ಕೇಳುತ್ತಿಲ್ಲ. ಆ ಕಂಬಗಳಿಗೆ ಬೇಕಾದದ್ದನ್ನು ಸರಿಯಾಗಿ ಮಾಡುವವರ ಹತ್ತಿರ ಕೊಳ್ಳಿ, ಕೊಂಡ ದುಡ್ಡನ್ನು ಟೈಮಿಗೆ ಕೊಡಿ. ಸಾಕು.

ನಮ್ಮ ಕಡೆ ‘ಯಾರದೋ ದುಡ್ಡು, ಎಲ್ಲಮ್ಮನ ಜಾತ್ರೆ’ ಅನ್ನುತ್ತಾರೆ. ಬೆಳಗಾವಿಯ ಕೋಟೆ ಕೆರೆಯ ದಂಡೆಗೆ 2018ರಲ್ಲಿ 110 ಮೀಟರ್ ಎತ್ತರದ ಕಂಬ ನಿಲ್ಲಿಸಿದರು. ಕೋಟಿ ದಾಟಿದ ಖರ್ಚು. ಅಷ್ಟು ಎತ್ತರದ ಗಾಳಿಗೆ ಬಟ್ಟೆ ಹರಿಯುತ್ತದೆ, ಇಳಿಸುತ್ತಾರೆ, ಮತ್ತೆ ಹೊಸದು. ಆ ಅಳತೆಯ ಬಾವುಟ ಖಾದಿಯ ಒಂಬತ್ತು ಅಳತೆಯಲ್ಲಿ ಇಲ್ಲವೇ ಇಲ್ಲ, ಹಾಗಾಗಿ ಅದರ ಒಂದು ರೂಪಾಯಿಯೂ ನೂಲುವವಳ ಕೈಗೆ ಹೋಗುವುದಿಲ್ಲ. ಎತ್ತರದ ಕಂಬ ಊರಿನ ಹೆಮ್ಮೆ ಅಂತ ಉದ್ಘಾಟನೆ ಮಾಡಿದವರು ಹೇಳುತ್ತಾರೆ. ಆ ಹೆಮ್ಮೆಯ ಬಿಲ್ಲು ಕಟ್ಟುವವರನ್ನೂ ಒಂದು ಮಾತು ಕೇಳಿದ್ದರೆ ಚೆನ್ನಾಗಿತ್ತು.

ಹುಬ್ಬಳ್ಳಿಯವರಿಗೆ ಬಾವುಟದ ರಾಜಕೀಯ ಹೊಸದಲ್ಲ. ಚೆನ್ನಮ್ಮ ಸರ್ಕಲ್ ಪಕ್ಕದ ಈದ್ಗಾ ಮೈದಾನದಲ್ಲಿ ಧ್ವಜ ಹಾರಿಸುವ ಗಲಾಟೆಯಲ್ಲಿ 1994ರ ಆಗಸ್ಟ್ 15ರಂದು ಗೋಲಿಬಾರ್ ಆಗಿ ಜನ ಸತ್ತರು. ಆ ಪ್ರಕರಣದ ವಾರಂಟಿನಿಂದ ಹತ್ತು ವರ್ಷ ಬಿಟ್ಟು ಮಧ್ಯಪ್ರದೇಶದ ಮುಖ್ಯಮಂತ್ರಿ ಉಮಾ ಭಾರತಿ ರಾಜೀನಾಮೆ ಕೊಟ್ಟರು. ರಾಜಕಾರಣಿಗಳು ಬಂದರು, ಹೋದರು, ಬೆಳೆದರು. ಸತ್ತವರ ಮನೆಯವರು ಇದೇ ಊರಿನಲ್ಲಿ ಉಳಿದರು. ಆ ದಿನಗಳ ಕರ್ಫ್ಯೂ ನೋಡಿದ ಯಾರನ್ನಾದರೂ ಕೇಳಿ, ಬಾವುಟದ ಹೆಸರಿನಲ್ಲಿ ಮೈಕ್ ಹಿಡಿದವರನ್ನು ಕಂಡರೆ ಇಲ್ಲಿನವರು ಯಾಕೆ ಒಂದು ಹೆಜ್ಜೆ ಹಿಂದೆ ಸರಿಯುತ್ತಾರೆ ಅಂತ ಅವರು ಹೇಳುತ್ತಾರೆ.

ಅದೇ ಹುಬ್ಬಳ್ಳಿಯಿಂದ 1923ರಲ್ಲಿ ನಾಗಪುರದ ಧ್ವಜ ಸತ್ಯಾಗ್ರಹಕ್ಕೆ ಸ್ವಾತಂತ್ರ್ಯ ಹೋರಾಟಗಾರ ನಾ.ಸು. ಹರ್ಡೀಕರ್ ತಮ್ಮ ಹುಡುಗರನ್ನು ಕರೆದುಕೊಂಡು ಹೋಗಿದ್ದರು. ಬಾವುಟ ಹಿಡಿಯಬೇಡಿ ಅಂತ ಸರ್ಕಾರ ಹೇಳಿತ್ತು, ಇವರು ಹಿಡಿದು ಜೈಲಿಗೆ ಹೋದರು. ನೂರು ವರ್ಷದ ಹಿಂದೆ ಹಿಡಿಯಬೇಡ ಅನ್ನುವ ಆದೇಶ, ಈಗ ಹಿಡಿಯಲೇಬೇಕು ಅನ್ನುವ ಟಾರ್ಗೆಟ್. ನಡುವೆ 2004ರಲ್ಲಿ ಸುಪ್ರೀಂ ಕೋರ್ಟು, ಗೌರವದಿಂದ ಧ್ವಜ ಹಾರಿಸುವುದು ಪ್ರಜೆಯ ಮೂಲಭೂತ ಹಕ್ಕು ಅಂತ ಹೇಳಿದೆ. ಹಕ್ಕು ಅಂದ ಮೇಲೆ ಯಾವಾಗ ಹಾರಿಸಬೇಕು, ಯಾವುದನ್ನು ಹಾರಿಸಬೇಕು, ಹಾರಿಸಬೇಕೋ ಬೇಡವೋ ಅನ್ನುವುದು ನನಗೆ ಬಿಟ್ಟಿದ್ದು. ತೆರಿಗೆ ಕೌಂಟರಿನಲ್ಲಿ ಕೂತವರಿಗೆ ಬಿಟ್ಟಿದ್ದಲ್ಲ.

ಬಾವುಟದ ವಿಷಯಕ್ಕೆ ಬರುತ್ತೇನೆ. ಮೂರು ವರ್ಷ ಸ್ವಾತಂತ್ರ್ಯ ದಿನ, ಗಣರಾಜ್ಯ ದಿನ, ಗಾಂಧಿ ಜಯಂತಿ, ಜೊತೆಗೆ ಮನೆಯಲ್ಲಿ ಯಾರಿಗಾದರೂ ಮನಸ್ಸಾದ ದಿನ ಹಾರಿಸಿದ್ದೇವೆ. ರಾತ್ರಿಯೂ ಹಾರಿಸಬಹುದು ಅಂತ 2022ರಲ್ಲಿ ನಿಯಮ ಬದಲಾಗಿದೆ, ಆದರೂ ನಾವು ಸೂರ್ಯ ಮುಳುಗುವ ಮುಂಚೆ ಇಳಿಸುತ್ತೇವೆ, ಅದು ನನ್ನ ತಂದೆ ಕಲಿಸಿದ್ದು. ಬಣ್ಣ ಸ್ವಲ್ಪ ಮಾಸಿದೆ, ಕೇಸರಿ ಜಾಸ್ತಿ ಮಾಸಿದೆ. ಹೊಲಿಗೆ ಒಂದು ಕಡೆಯೂ ಬಿಟ್ಟಿಲ್ಲ. ಖಾದಿಯ ಗುಣವೇ ಹಾಗೆ, ನಮ್ಮ ಆಗಸ್ಟ್ ತಿಂಗಳ ಜಿಟಿಜಿಟಿ ಮಳೆಗೆ ನೆನೆದರೆ ಭಾರವಾಗುತ್ತದೆ, ಗಾಳಿ ಕಡಿಮೆ ಇದ್ದರೆ ಕಂಬಕ್ಕೆ ಅಂಟಿಕೊಳ್ಳುತ್ತದೆ, ಒಣಗಲು ಎರಡು ದಿನ ಬೇಕು. ಪಾಲಿಸ್ಟರ್ ಸಣ್ಣ ಗಾಳಿಗೂ ಹಾರುತ್ತದೆ, ಬೇಗ ಒಣಗುತ್ತದೆ, ಅದು ನಿಜ. ಬೆಲೆಯೂ ಖಾದಿಯದು ಎಷ್ಟೋ ಪಟ್ಟು ಜಾಸ್ತಿ. ಎಲ್ಲರಿಗೂ ಆಗುವುದಿಲ್ಲ ಅಂತ ಗೊತ್ತು. ಸಣ್ಣ ಅಳತೆಯದು ತಗೊಳ್ಳಬಹುದು.

ಇನ್ನೊಂದು ವಿಷಯ ಬರೆಯಲೇಬೇಕು. 2022ರ ಆಗಸ್ಟ್ 16, 17ರಂದು ನಮ್ಮ ಓಣಿಯಲ್ಲಿ ಬಾವುಟಗಳು ಬಿದ್ದಿದ್ದವು. ಗಟಾರದಲ್ಲಿ ಎರಡು, ಕಸದ ಡಬ್ಬಿಯಲ್ಲಿ ಮೂರು, ಒಂದರ ಮೇಲೆ ನಾಯಿ ಮಲಗಿತ್ತು. ಎಂಟು ಆರಿಸಿ ತಂದೆ. ಹಾಳಾದ ಧ್ವಜವನ್ನು ಮರ್ಯಾದೆಯಿಂದ, ಯಾರಿಗೂ ಕಾಣದ ಹಾಗೆ, ಸಾಧ್ಯವಾದರೆ ಸುಟ್ಟು ವಿಲೇವಾರಿ ಮಾಡಬೇಕು ಅಂತ ಸಂಹಿತೆಯಲ್ಲಿದೆ. ಹಿತ್ತಲಲ್ಲಿ ತೊಳೆದು, ಒಣಗಿಸಿ, ಸಂಜೆ ಬೆಂಕಿ ಹಚ್ಚಿದೆ. ಪಾಲಿಸ್ಟರ್ ಬಟ್ಟೆಯಂತೆ ಉರಿಯುವುದಿಲ್ಲ. ಕರಗುತ್ತದೆ. ಕಪ್ಪು ಹೊಗೆ ಎದ್ದಿತು, ಪ್ಲಾಸ್ಟಿಕ್ ವಾಸನೆ, ಚಕ್ರ ಮುದುಡಿ ಕರಿ ಹನಿಯಾಗಿ ತೊಟ್ಟಿಕ್ಕಿತು. ಕೊನೆಗೆ ಕಲ್ಲಿಗೆ ಅಂಟಿಕೊಂಡ ಗಟ್ಟಿ ಉಂಡೆ ಉಳಿಯಿತು. ಉಜ್ಜಿದರೂ ಹೋಗಲಿಲ್ಲ. ನನ್ನ ಮಗಳು ಪಕ್ಕದಲ್ಲಿ ನಿಂತು ನೋಡುತ್ತಿದ್ದಳು. ಅವಳಿಗೆ ಏನು ಹೇಳಬೇಕು ಅಂತ ತಿಳಿಯಲಿಲ್ಲ. ಬೆಂಗೇರಿಗೆ ಹೋಗೋಣ ಅಂದಿದ್ದು ಅವಳೇ.

ಕಳೆದ ವರ್ಷ ಊರಿನ ಶಾಲೆಗೂ ಒಂದು ತಗೊಂಡೆವು, ಇದಕ್ಕಿಂತ ದೊಡ್ಡ ಅಳತೆಯದು. ನಾಲ್ಕು ಮನೆಯವರು ಪಟ್ಟಿ ಹಾಕಿದೆವು. ಶಾಸಕರನ್ನು ಕರೆಯೋಣ ಅಂತ ಒಬ್ಬರು ಅಂದರು, ಬೇಡ ಅಂದೆವು. ಏಳನೇ ಕ್ಲಾಸಿನ ಹುಡುಗಿಯೊಬ್ಬಳು ಹಗ್ಗ ಎಳೆದಳು.

ತಗೊಳ್ಳುವವರಿಗೆ: ಹೋಗುವ ಮುಂಚೆ ನಿಮ್ಮ ಕಂಬದ ಎತ್ತರ ನೋಡಿಕೊಂಡು ಯಾವ ಅಳತೆ ಬೇಕು ಅಂತ ನಿರ್ಧರಿಸಿ. ಮನೆಯ ತಾರಸಿಗೆ ಮೂರು ಅಡಿಯದು ಸಾಕು. ಒದ್ದೆ ಬಾವುಟವನ್ನು ಮಡಚಿ ಇಡಬೇಡಿ, ಕಲೆ ಬೀಳುತ್ತದೆ, ನೆರಳಲ್ಲಿ ಹರಡಿ. ಬಿಲ್ಲು ತಗೊಳ್ಳಿ. ಆಗಸ್ಟ್ ಬರುವವರೆಗೆ ಕಾಯಬೇಡಿ, ಜೂನ್‌ನಲ್ಲೇ ಹೋಗಿ.